20 ವರ್ಷದ ಬರ್ಬನ್ ಕೈಗೆ ಬಂದಿದೆ, ಹೇಗೆ ಕುಡಿಯಲಿ?

ಪ್ರಶ್ನೆ: ನಾನು ಹಾಸನದವನು, ಈಗ ಪೆನ್ಸಿಲ್ವೇನಿಯಾದಲ್ಲಿದ್ದೇನೆ. ಇಲ್ಲಿನ ಸರ್ಕಾರಿ ಮದ್ಯದಂಗಡಿಯವರು ಅಪರೂಪದ ಬಾಟಲಿಗಳಿಗೆ ಲಾಟರಿ ನಡೆಸುತ್ತಾರೆ. ಸುಮ್ನೆ ಹೆಸರು ಕೊಟ್ಟಿದ್ದೆ. ಪ್ಯಾಪಿ ವ್ಯಾನ್ ವಿಂಕಲ್ ಅನ್ನುವ ಬರ್ಬನ್ (ಅಮೆರಿಕದ ವಿಸ್ಕಿ), ಅದರಲ್ಲಿ 20 ವರ್ಷದ್ದನ್ನು ಕೊಳ್ಳುವ ಅವಕಾಶ ಬಂತು, ತಂದಿಟ್ಟಿದ್ದೇನೆ. ಕೆಲವರು ಮಾರಿಬಿಡು ಅಂತಾರೆ. ಕೆಲವರು ಇನ್ನೂ 10 ವರ್ಷ ಇಡು, ರುಚಿ ಜಾಸ್ತಿ ಆಗುತ್ತೆ ಅಂತಾರೆ. ನನಗೆ ಐದು ಜನ ಗೆಳೆಯರನ್ನು ಕರೆದು ಕುಡಿಯುವ ಆಸೆ. ಆದರೆ ನಾವೆಲ್ಲ ಸೋಡಾ ಹಾಕಿ ಕುಡಿಯುವವರು. ನಮಗೆ ಇದರ ವ್ಯತ್ಯಾಸ ತಿಳಿಯುತ್ತಾ? ಹಳೆಯ ಬರ್ಬನ್ ವಾರ್ನಿಶ್ ವಾಸನೆ ಹೊಡೆಯುತ್ತೆ ಅಂತ ಒಬ್ಬರು ಹೆದರಿಸಿದರು, ನಿಜವಾ? 23 ವರ್ಷದ್ದು ಸಿಕ್ಕಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತಾ? ಊರಿಗೆ ಅಪ್ಪನಿಗೂ ಸ್ವಲ್ಪ ಒಯ್ಯಬೇಕು.

ಉತ್ತರ: ಮೊದಲು ಸುಲಭದ್ದನ್ನು ಮುಗಿಸೋಣ. ಮಾರಬೇಡಿ. ಲೈಸೆನ್ಸ್ ಇಲ್ಲದೆ ಮದ್ಯ ಮಾರುವುದು ನಿಮ್ಮ ರಾಜ್ಯದಲ್ಲಿ ಕಾನೂನಿಗೆ ವಿರುದ್ಧ. 10 ವರ್ಷ ಇಟ್ಟರೂ ರುಚಿ ಬದಲಾಗುವುದಿಲ್ಲ. ವಿಸ್ಕಿಗೆ ವಯಸ್ಸಾಗುವುದು ಪೀಪಾಯಿಯಲ್ಲಿ ಮಾತ್ರ. ಗಾಜಿನೊಳಗೆ ಹೋದ ದಿನವೇ ಅದರ ವಯಸ್ಸು ನಿಂತಿತು. 2035ರಲ್ಲಿ ತೆರೆದರೂ ಅದು 20 ವರ್ಷದ್ದೇ. ಆದ್ದರಿಂದ ಗೆಳೆಯರನ್ನು ಕರೆಯಿರಿ. ಆದರೆ ದಿನ ಗೊತ್ತು ಮಾಡುವ ಮುಂಚೆ ಕೊನೆಯಲ್ಲಿ ಅಪ್ಪನ ಬಗ್ಗೆ ಬರೆದಿರುವುದನ್ನು ಓದಿಬಿಡಿ.

ಇನ್ನು 23ರ ಪ್ರಶ್ನೆ. ನಿಮಗೆ 20 ಸಿಕ್ಕಿದ್ದೇ ಒಳ್ಳೆಯದಾಯಿತು ಅನ್ನುವವನು ನಾನು. 15 ಸಿಕ್ಕಿದ್ದರೆ ಇನ್ನೂ ಖುಷಿಪಡುತ್ತಿದ್ದೆ. ವಯಸ್ಸು ಹೆಚ್ಚಾದಷ್ಟೂ ರುಚಿ ಹೆಚ್ಚುತ್ತದೆ ಅನ್ನುವ ಲೆಕ್ಕವನ್ನು ನಾವು ಸ್ಕಾಚ್‌ನಿಂದ ಕಲಿತಿದ್ದೇವೆ. ಬರ್ಬನ್‌ಗೆ ಆ ಲೆಕ್ಕ ನಡೆಯುವುದಿಲ್ಲ.

ಕಾರಣ ಪೀಪಾಯಿ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್‌ನ ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು. ಪೀಪಾಯಿಗೆ ತುಂಬುವಾಗ ಆಲ್ಕೋಹಾಲ್ ಶೇ. 62.5 ದಾಟಬಾರದು. ಪೀಪಾಯಿ ಹೊಸ ಓಕ್ ಮರದ್ದಾಗಿರಬೇಕು, ಒಳಗಡೆ ಸುಟ್ಟು ಕಪ್ಪಾಗಿರಬೇಕು. ಈ 'ಹೊಸ' ಅನ್ನುವ ಷರತ್ತಿನಲ್ಲೇ ಎಲ್ಲ ಇದೆ. ಸ್ಕಾಟ್ಲೆಂಡಿನವರು ಹೆಚ್ಚಾಗಿ ಬಳಸುವುದು ಒಮ್ಮೆ ಬರ್ಬನ್ ಅಥವಾ ಶೆರಿ ವೈನ್ ಇಟ್ಟು ಖಾಲಿ ಮಾಡಿದ ಪೀಪಾಯಿ. ಅದರಲ್ಲಿ ಮರದ ಸತ್ವ ಆಗಲೇ ಅರ್ಧ ಹೋಗಿರುತ್ತದೆ. ಹವೆಯೂ ತಂಪು. ಅಲ್ಲಿ 25 ವರ್ಷ ನಿಧಾನವಾಗಿ ಕಳೆಯಬಹುದು. ಹೆಚ್ಚಿನ ಬರ್ಬನ್ ತಯಾರಾಗುವ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಹಾಗಲ್ಲ. ಬೇಸಿಗೆಯಲ್ಲಿ ಗೋದಾಮಿನ ಮೇಲಿನ ಮಹಡಿ ಕಾದು ಹೋಗುತ್ತದೆ, ಮದ್ಯ ಉಬ್ಬಿ ಮರದೊಳಗೆ ಇಳಿಯುತ್ತದೆ. ಚಳಿಗಾಲದಲ್ಲಿ ಕುಗ್ಗಿ ಹೊರಗೆ ಬರುತ್ತದೆ. ಬರುವಾಗ ಮರದಲ್ಲಿದ್ದದ್ದನ್ನು ಹೊತ್ತು ತರುತ್ತದೆ.

ಮೊದಲ ಕೆಲವು ವರ್ಷ ಹೊತ್ತು ತರುವುದೆಲ್ಲ ಒಳ್ಳೆಯದೇ. ಮರದ ಲಿಗ್ನಿನ್ ಒಡೆದು ವ್ಯಾನಿಲಿನ್ ಬರುತ್ತದೆ, ಅದೇ ವೆನಿಲ್ಲಾ ವಾಸನೆ. ಸುಟ್ಟ ಪದರದ ಹಿಂದೆ ಮರದ ಸಕ್ಕರೆಗಳು ಕಂದಿರುತ್ತವೆ, ಅಲ್ಲಿಂದ ಕ್ಯಾರಮೆಲ್ ಬರುತ್ತದೆ. ಓಕ್ ಲ್ಯಾಕ್ಟೋನ್‌ನಿಂದ ಕೊಬ್ಬರಿ ವಾಸನೆ. ಇವೆಲ್ಲದರ ಜೊತೆ ಒಗರು ಕೊಡುವ ಟ್ಯಾನಿನ್ ಕೂಡ ಬರುತ್ತದೆ. ವರ್ಷ ಕಳೆದಂತೆ ಸಿಹಿ ಕೊಡುವ ಭಾಗ ತೀರುತ್ತಾ ಬರುತ್ತದೆ, ಕಹಿ ಮತ್ತು ಒಗರು ಮಾತ್ರ ಏರುತ್ತಲೇ ಹೋಗುತ್ತದೆ. ಸೊಪ್ಪು ತೆಗೆಯದೆ ಕುದಿಸುತ್ತಲೇ ಇಟ್ಟ ಟೀ ಹೇಗಾಗುತ್ತೆ ಗೊತ್ತಲ್ಲ, ಹಾಗೆ. ನನ್ನ ನಾಲಿಗೆಗೆ ಬರ್ಬನ್‌ನ ಒಳ್ಳೆಯ ಕಾಲ 8ರಿಂದ 15 ವರ್ಷ. 20 ದಾಟಿಯೂ ಚೆನ್ನಾಗಿರುವ ಪೀಪಾಯಿಗಳಿವೆ. ಆದರೆ ಅವು ಚೆನ್ನಾಗಿರುವುದು ವಯಸ್ಸಾದ ಕಾರಣಕ್ಕಲ್ಲ, ವಯಸ್ಸಾಗಿದ್ದರೂ ಹಾಗೆ ಉಳಿದುಕೊಂಡಿವೆ, ಅಷ್ಟೇ.

ಅಂಥ ಪೀಪಾಯಿಗಳು ಸಾಮಾನ್ಯವಾಗಿ ಇರುವುದು ಗೋದಾಮಿನ ಕೆಳಗಿನ, ತಂಪಾದ ಮಹಡಿಗಳಲ್ಲಿ. ಮೇಲೆ ಬಿಸಿ, ಒಣ ಗಾಳಿ. ಅಲ್ಲಿ ಆಲ್ಕೋಹಾಲ್‌ಗಿಂತ ನೀರು ಬೇಗ ಆರುತ್ತದೆ, ಒಳಗಿನದರಲ್ಲಿ ಆಲ್ಕೋಹಾಲ್ ಪ್ರಮಾಣ ಏರುತ್ತಾ ಹೋಗುತ್ತದೆ. ಶೇ. 62.5ಕ್ಕೆ ತುಂಬಿದ್ದು ಶೇ. 70 ದಾಟಿದ ಉದಾಹರಣೆಗಳಿವೆ. ಜಾರ್ಜ್ ಟಿ. ಸ್ಟ್ಯಾಗ್ ಅನ್ನುವ ಬರ್ಬನ್ ಪ್ರಸಿದ್ಧಿಯಾಗಿದ್ದೇ ಹಾಗೆ.

ಆರಿಹೋಗುವ ಈ ಪಾಲನ್ನು ಏಂಜೆಲ್ಸ್ ಶೇರ್ ಅಂತಾರೆ. ಒಂದು ಪೀಪಾಯಿ ಸುಮಾರು 200 ಲೀಟರ್. ಕೆಂಟಕಿಯಲ್ಲಿ ವರ್ಷಕ್ಕೆ ಶೇ. 4 ಹೋಗುತ್ತದೆ ಅಂತ ಇಟ್ಟುಕೊಂಡರೂ 20 ವರ್ಷಕ್ಕೆ ಉಳಿಯುವುದು 88 ಲೀಟರ್. ಮರ ಹೀರಿದ್ದು, ಸೋರಿದ್ದು ಬೇರೆ. ಇದರ ಮೇಲೆ, ಗೋದಾಮಿನಲ್ಲಿ ಕೂತ ಪ್ರತಿ ಪೀಪಾಯಿಗೂ ಕೆಂಟಕಿಯಲ್ಲಿ ವರ್ಷಾವರ್ಷ ಆಸ್ತಿ ತೆರಿಗೆ ಕಟ್ಟಬೇಕಿತ್ತು. ಅದನ್ನು ಹಂತ ಹಂತವಾಗಿ ತೆಗೆಯುವ ಕಾನೂನು ಬಂದಿದ್ದು 2023ರಲ್ಲಿ. ಅಂದರೆ ಮಾಲು ಕಮ್ಮಿಯಾಗುತ್ತಾ ಹೋಗುತ್ತದೆ, ಖರ್ಚು ಏರುತ್ತಾ ಹೋಗುತ್ತದೆ. ಹಳೆಯ ಬರ್ಬನ್ ಅಪರೂಪ ಆಗಿರುವುದಕ್ಕೆ ಈ ಲೆಕ್ಕವೇ ಸಾಕು.

ಇದೇ ಲೆಕ್ಕವನ್ನು ನಮ್ಮ ಬೆಂಗಳೂರಿಗೆ ಹಾಕಿ ನೋಡಿ. ಅಲ್ಲಿನ ವಿಸ್ಕಿ ಕಂಪನಿ ಅಮೃತ್‌ನವರ ಗೋದಾಮಿನಲ್ಲಿ ವರ್ಷಕ್ಕೆ ಶೇ. 10ರಿಂದ 12 ಆರಿಹೋಗುತ್ತದೆ. ಶೇ. 10 ಅಂದುಕೊಂಡರೂ 8 ವರ್ಷಕ್ಕೆ 200ರಲ್ಲಿ ಉಳಿಯುವುದು 86 ಲೀಟರ್. ಕೆಂಟಕಿಯ 20 ವರ್ಷ, ಬೆಂಗಳೂರಿನ 8 ವರ್ಷ, ಪೀಪಾಯಿಯಲ್ಲಿ ಉಳಿಯುವುದು ಹೆಚ್ಚುಕಮ್ಮಿ ಒಂದೇ! 2013ರಲ್ಲಿ ಅಮೃತ್ ತಂದ ಗ್ರೀಡಿ ಏಂಜೆಲ್ಸ್ 8 ವರ್ಷದ್ದಕ್ಕೇ ಅಷ್ಟು ಸುದ್ದಿಯಾಗಿದ್ದು ಇದಕ್ಕೇ. ಬಾಟಲಿ ಮೇಲಿನ ಅಂಕಿಯನ್ನು ಊರು ಬಿಟ್ಟು ಓದಬಾರದು. ಅಂದ ಹಾಗೆ, ಒಮ್ಮೆ ಬಳಸಿದ ಬರ್ಬನ್ ಪೀಪಾಯಿಗಳು ಅಮೆರಿಕದಿಂದ ಬೆಂಗಳೂರಿಗೂ ಬರುತ್ತವೆ. ನೀವು ಊರಲ್ಲಿ ಅಮೃತ್ ಕುಡಿದಿದ್ದರೆ, ಆ ಮರದ ಪರಿಚಯ ನಿಮ್ಮ ನಾಲಿಗೆಗೆ ಆಗಲೇ ಇದೆ.

ಈಗ ನಿಮ್ಮ ಬಾಟಲಿ. ಲೇಬಲ್ಲಿನಲ್ಲಿ ಚುಟ್ಟಾ ಹಚ್ಚುತ್ತಿರುವ ಮುದುಕರು ಜೂಲಿಯನ್ ವ್ಯಾನ್ ವಿಂಕಲ್, ಅವರೇ 'ಪ್ಯಾಪಿ'. 1893ರಲ್ಲಿ ವೆಲ್ಲರ್ ಕಂಪನಿಗೆ ಸೇಲ್ಸ್‌ಮನ್ ಆಗಿ ಸೇರಿದವರು. 1935ರಲ್ಲಿ ಲೂಯಿವಿಲ್ ಹತ್ತಿರ ಸ್ಟಿಟ್ಜೆಲ್-ವೆಲ್ಲರ್ ಡಿಸ್ಟಿಲರಿ ತೆರೆದಾಗ ಅದರ ಮುಂದಾಳಾಗಿದ್ದರು. ಮನೆಯವರು ಅದನ್ನು 1972ರಲ್ಲಿ ಮಾರಿದರು. 1992ರಲ್ಲಿ ಅಲ್ಲಿ ಭಟ್ಟಿ ನಿಂತಿತು. 2002ರಿಂದ ವ್ಯಾನ್ ವಿಂಕಲ್ ವಿಸ್ಕಿ ತಯಾರಾಗುವುದು ಕೆಂಟಕಿಯ ಫ್ರಾಂಕ್‌ಫರ್ಟ್ ಊರಿನ ಬಫಲೋ ಟ್ರೇಸ್ ಡಿಸ್ಟಿಲರಿಯಲ್ಲಿ. ಹಳೆಯ ಸ್ಟಿಟ್ಜೆಲ್-ವೆಲ್ಲರ್ ಮದ್ಯ ನಿಮ್ಮ ಬಾಟಲಿಯಲ್ಲಿದೆ ಅಂತ ಯಾರಾದರೂ ಅಂದರೆ ನಂಬಬೇಡಿ. ಈಗ ಬರುವ 20 ವರ್ಷದ ಬಾಟಲಿಗಳಿಗೆ ಅದು ಅನ್ವಯಿಸುವುದಿಲ್ಲ.

ಇದು ಗೋಧಿ ಬರ್ಬನ್. ಹೆಚ್ಚಿನ ಬರ್ಬನ್‌ಗಳಲ್ಲಿ ಮೆಕ್ಕೆಜೋಳದ ನಂತರದ ಧಾನ್ಯ ರೈ. ಅದು ಮೆಣಸಿನಂಥ ಖಾರ ಕೊಡುತ್ತದೆ. ವ್ಯಾನ್ ವಿಂಕಲ್‌ನಲ್ಲಿ ರೈ ಬದಲು ಗೋಧಿ ಇದೆ. ಅದಕ್ಕೇ ರುಚಿ ಮೆದು. ಮರದ ಒಗರು ಏರಿದಾಗ ಧಾನ್ಯದ ಖಾರವೂ ಜೊತೆಗೆ ಸೇರಿಕೊಳ್ಳುವುದಿಲ್ಲ. ಗೋಧಿ ಬರ್ಬನ್ ಹೆಚ್ಚು ವರ್ಷ ತಾಳುತ್ತದೆ ಅಂತ ಆ ಕಡೆಯವರು ಹೇಳುವುದು ಇದನ್ನು ನೋಡಿಯೇ. ನನಗೂ ಹಾಗೇ ಅನ್ನಿಸುತ್ತದೆ. ಆದರೂ ಈಗಲ್ ರೇರ್ 17 ರೈ ಇರುವ ಬರ್ಬನ್, ಅದೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಇದನ್ನು ನಿಯಮ ಅಂತ ಹಿಡಿಯಬೇಡಿ.

20ರ ಆಲ್ಕೋಹಾಲ್ ಶೇ. 45.2. 23 ವರ್ಷದ್ದು ಶೇ. 47.8. 15 ವರ್ಷದ್ದು ಶೇ. 53.5. ನನಗೆ 15 ಇಷ್ಟ ಅಂದೆನಲ್ಲ, ಈ ಶೇ. 53.5 ಅದಕ್ಕೆ ಅರ್ಧ ಕಾರಣ. ಮರದ ಭಾರವನ್ನು ಹೊರುವಷ್ಟು ಗಟ್ಟಿ ಅದಕ್ಕಿದೆ. 23ರಲ್ಲಿ ವಾಸನೆ ಅದ್ಭುತ. ಮೂಗಿಗೆ ಇಟ್ಟುಕೊಂಡೇ ಸಂಜೆ ಕಳೆಯಬಹುದು. ಬಾಯಿಗೆ ಬಂದಾಗ ಮಾತ್ರ ಮರವೇ ಮಾತಾಡುತ್ತದೆ. ಅದು ಸಿಗುವುದು ಕಷ್ಟ, ಬೆಲೆಯೂ ಜಾಸ್ತಿ. ಹಾಗಾಗಿ ಅದೇ ಶ್ರೇಷ್ಠ ಅಂತ ಜನ ಅಂದುಕೊಳ್ಳುತ್ತಾರೆ.

ನೀವು ಪೆನ್ಸಿಲ್ವೇನಿಯಾದಲ್ಲಿ ಇರುವುದರಿಂದ ಒಂದು ಕಥೆ ಹೇಳಲೇಬೇಕು. ಬರ್ಬನ್ ಅಂದರೆ ಕೆಂಟಕಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಾನೂನಿನಲ್ಲಿ ಹಾಗೇನೂ ಇಲ್ಲ, ಅಮೆರಿಕದಲ್ಲಿ ಎಲ್ಲಿ ಬೇಕಾದರೂ ಮಾಡಬಹುದು. ಹಳೆಯ ಬರ್ಬನ್ ಅಭಿಮಾನಿಗಳು ದೇವರಂತೆ ಕಾಣುವ ಎ. ಎಚ್. ಹಿರ್ಷ್ ರಿಸರ್ವ್ ತಯಾರಾಗಿದ್ದು ನಿಮ್ಮದೇ ರಾಜ್ಯದ ಶೇಫರ್ಸ್‌ಟೌನ್‌ನಲ್ಲಿ, 1974ರಲ್ಲಿ. ಆಗ ಬರ್ಬನ್‌ಗೆ ಕೆಟ್ಟ ಕಾಲ. ಅಮೆರಿಕದ ಹುಡುಗರು ವೋಡ್ಕಾ ಕಡೆ ಹೊರಟಿದ್ದರು. ಕೊಳ್ಳುವವರಿಲ್ಲದೆ ಪೀಪಾಯಿಗಳು ಗೋದಾಮುಗಳಲ್ಲಿ ಸುಮ್ಮನೆ ಕೂತವು. 1990ರಲ್ಲಿ ಆ ಡಿಸ್ಟಿಲರಿಯೇ ಮುಚ್ಚಿತು. ಆಗ ಪೀಪಾಯಿಯಲ್ಲಿದ್ದ ವಿಸ್ಕಿಗೆ 16 ವರ್ಷ. ಅದರಲ್ಲಿ ಬಹುಪಾಲನ್ನು ಮರದಿಂದ ತೆಗೆದು ಸ್ಟೀಲ್ ಟ್ಯಾಂಕಿಗೆ ಸುರಿದರು. ಸಾಕು, ಇನ್ನು ಮರ ಬೇಡ ಅಂತ. ಸ್ಟೀಲಿನಲ್ಲಿ ವಯಸ್ಸಾಗುವುದಿಲ್ಲವಲ್ಲ. ಆ 16 ವರ್ಷದ್ದೇ ಮುಂದೆ ದಂತಕಥೆಯಾಯಿತು.

ಹಳೆಯ ಬರ್ಬನ್‌ನ ಮೊದಲ ಹುಚ್ಚು ಹಿಡಿದಿದ್ದು ಅಮೆರಿಕದವರಿಗಲ್ಲ, ಜಪಾನಿನವರಿಗೆ. ಅಮೆರಿಕದಲ್ಲಿ ಕೇಳುವವರಿಲ್ಲದ ಮುದಿ ಪೀಪಾಯಿಗಳನ್ನು ಅವರು ಬೇಕು ಅಂದರು. 23 ವರ್ಷದ ಇವಾನ್ ವಿಲಿಯಮ್ಸ್ ಅಲ್ಲಿಗೆಂದೇ ಹೋಗುತ್ತಿತ್ತು. ಮಾರಾಟವಾಗದ ಮಾಲು ಇವತ್ತು ಲಾಟರಿ ಹಾಕಿ ಕೊಳ್ಳುವ ಮಾಲಾಗಿದೆ ನೋಡಿ.

ಸರಿ, ಕುಡಿಯುವ ದಿನಕ್ಕೆ ಬರೋಣ.

ವ್ಯತ್ಯಾಸ ತಿಳಿಯುತ್ತಾ ಅಂತ ಕೇಳಿದಿರಿ. ಇದೊಂದನ್ನೇ ಕುಡಿದರೆ ತಿಳಿಯುವುದಿಲ್ಲ. 'ಚೆನ್ನಾಗಿದೆ, ನೈಸ್ ಆಗಿದೆ' ಅಂತ ಆರೂ ಜನ ತಲೆಯಾಡಿಸುತ್ತೀರಿ, ಅಷ್ಟೇ. ಪಕ್ಕದಲ್ಲಿ ಇನ್ನೊಂದು ಬೇಕು. ಮೇಕರ್ಸ್ ಮಾರ್ಕ್ ತನ್ನಿ. ಅದೂ ಗೋಧಿ ಬರ್ಬನ್, ಶೇ. 45. ಧಾನ್ಯದ ಬಗೆ ಒಂದೇ, ಬಲ ಹೆಚ್ಚುಕಮ್ಮಿ ಒಂದೇ. ಡಿಸ್ಟಿಲರಿ ಬೇರೆ ಅನ್ನುವುದನ್ನು ಬಿಟ್ಟರೆ ಉಳಿದ ದೊಡ್ಡ ವ್ಯತ್ಯಾಸ ಮರದಲ್ಲಿ ಕಳೆದ ವರ್ಷಗಳದ್ದು. ವೆಲ್ಲರ್ 12 ಸಿಕ್ಕರೆ ಇನ್ನೂ ಒಳ್ಳೆಯದು. ಅದು ನಿಮ್ಮ ಬಾಟಲಿಯ ಮನೆಯದೇ, ಬಫಲೋ ಟ್ರೇಸ್‌ನದು. ಅದೂ ಈಗ ಸುಲಭಕ್ಕೆ ಸಿಗುವುದಿಲ್ಲ, ಹುಡುಕಿಕೊಂಡು ದುಡ್ಡು ಸುರಿಯುವಷ್ಟೇನೂ ಬೇಕಾಗಿಲ್ಲ. ಕುಡಿಯದ ಒಬ್ಬರು ಮನೆಯಲ್ಲಿದ್ದರೆ ಅವರಿಂದ ಗ್ಲಾಸುಗಳಿಗೆ ಹಾಕಿಸಿ, ಯಾವುದು ಯಾವುದು ಅಂತ ಹೇಳದಂತೆ. ಬಾಟಲಿ ನೋಡಿದ ಮೇಲೆ ನಾಲಿಗೆ ಸತ್ಯ ಹೇಳುವುದಿಲ್ಲ. ನಮ್ಮಂಥವರದ್ದೂ ಅಷ್ಟೇ. ಹಾಗೇ ವಾಪಸ್ ಕಾರು ಓಡಿಸುವವರು ಯಾರು ಅನ್ನುವುದನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ.

ಒಬ್ಬರಿಗೆ 20 ಮಿಲಿ ಸಾಕು. ಆರು ಜನಕ್ಕೆ 120 ಮಿಲಿ. 750 ಮಿಲಿ ಬಾಟಲಿಯಲ್ಲಿ ಇನ್ನೂ ಬೇಕಾದಷ್ಟು ಉಳಿಯುತ್ತದೆ.

ಅಗಲ ಬಾಯಿಯ ಗ್ಲಾಸು ಬೇಡ. ಮೇಲೆ ಕಿರಿದಾಗುವ ಗ್ಲೆನ್‌ಕೇರ್ನ್ ಇದ್ದರೆ ಸರಿ, ಇಲ್ಲದಿದ್ದರೆ ಚಿಕ್ಕ ವೈನ್ ಗ್ಲಾಸ್ ಆಗುತ್ತದೆ. ಆವತ್ತು ಮನೆಯಲ್ಲಿ ಊದಿನಕಡ್ಡಿ ಹಚ್ಚಬೇಡಿ, ಒಗ್ಗರಣೆ ಹಾಕಬೇಡಿ, ಸೆಂಟ್ ಬಳಿದುಕೊಂಡು ಬರಬೇಡಿ ಅಂತ ಗೆಳೆಯರಿಗೂ ಹೇಳಿ. ಮಿರ್ಚಿ ಬಜ್ಜಿ, ಖಾರದ ಕಡಲೆಬೀಜ ಆಮೇಲೆ ಆಗಲಿ. ಬಾಯಿ ಖಾರವಾಗಿದ್ದಾಗ ಆಲ್ಕೋಹಾಲ್ ದುಪ್ಪಟ್ಟು ಉರಿಯುತ್ತದೆ. ಹೊಟ್ಟೆ ಖಾಲಿಯೂ ಬೇಡ. ಮೊದಲೇ ಸಪ್ಪೆಯಾದದ್ದೇನಾದರೂ ತಿಂದಿರಿ, ಮೊಸರನ್ನ ಆದರೂ ನಡೆಯುತ್ತದೆ.

ಬಾಟಲಿ ತೆರೆಯುವ ಮುಂಚೆ ಒಮ್ಮೆ ಬಗ್ಗಿಸಿ ಕಾರ್ಕ್ ಒದ್ದೆ ಮಾಡಿ, ನೇರ ನಿಲ್ಲಿಸಿ, ಆಮೇಲೆ ನಿಧಾನವಾಗಿ ತಿರುಗಿಸುತ್ತಾ ತೆಗೆಯಿರಿ. ಒಣಗಿದ ಕಾರ್ಕ್ ಪಟಕ್ಕನೆ ಮುರಿಯುತ್ತದೆ. ಮುರಿದರೂ ಗಾಬರಿ ಬೇಡ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದರೆ ಆಯಿತು.

ಗ್ಲಾಸಿಗೆ ಹಾಕಿದ ತಕ್ಷಣ ಮೂಸಬೇಡಿ. ವಯಸ್ಸಿನ ವರ್ಷಕ್ಕೆ ಒಂದು ನಿಮಿಷ ಕಾಯಬೇಕು ಅನ್ನುವವರಿದ್ದಾರೆ. ಅದಕ್ಕೆ ವಿಜ್ಞಾನ ಏನೂ ಇಲ್ಲ, ಆದರೆ 10-15 ನಿಮಿಷ ಬಿಟ್ಟರೆ ನಿಜವಾಗಿಯೂ ವಾಸನೆ ಬದಲಾಗುತ್ತದೆ. ನಿಮ್ಮನ್ನು ಒಬ್ಬರು ಹೆದರಿಸಿದ ಆ ವಾರ್ನಿಶ್ ವಾಸನೆ ಇಲ್ಲೇ ಬರುವುದು. ಪೀಪಾಯಿಯಲ್ಲಿ ವರ್ಷಗಟ್ಟಲೆ ಗಾಳಿ ತಾಗಿ ಹುಟ್ಟುವ ಆಮ್ಲ ಆಲ್ಕೋಹಾಲ್ ಜೊತೆ ಸೇರಿ ಈಥೈಲ್ ಅಸಿಟೇಟ್ ಆಗುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವದಲ್ಲೂ ಇರುತ್ತದೆ ಅದು. ಹಳೆಯ ಬರ್ಬನ್‌ನಲ್ಲಿ ಸ್ವಲ್ಪ ಇರುವುದು ಸಹಜ, ಕೆಟ್ಟಿದೆ ಅಂತ ಅರ್ಥ ಅಲ್ಲ. ಬೇಗ ಹಾರಿಹೋಗುವ ವಸ್ತುವಾದ್ದರಿಂದ ಮೊದಲು ಅದೇ ಮೂಗಿಗೆ ಬಡಿಯುತ್ತದೆ. ಕಾಲು ಗಂಟೆ ಕಳೆದ ಮೇಲೂ ಅದೊಂದೇ ಬರುತ್ತಿದ್ದರೆ ಮಾತ್ರ ಆ ಬಾಟಲಿ ಸೋತಿದೆ ಅಂದುಕೊಳ್ಳಿ.

ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ, ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ. ಮೇಕರ್ಸ್ ಮಾರ್ಕ್‌ನಲ್ಲಿ ವೆನಿಲ್ಲಾ, ಕ್ಯಾರಮೆಲ್, ಹಸಿ ಜೋಳದ ಸಿಹಿ ನೇರವಾಗಿ ಬರುತ್ತದೆ. 20ರಲ್ಲಿ ಜೋಳ ಹಿಂದೆ ಸರಿದಿರುತ್ತದೆ. ಜೋನಿ ಬೆಲ್ಲ, ಒಣದ್ರಾಕ್ಷಿ, ಖರ್ಜೂರ ಸಿಗಬಹುದು. ಆಮೇಲೆ ಚರ್ಮದ ಬೆಲ್ಟು, ಹೊಗೆಸೊಪ್ಪು, ಪಾಲಿಶ್ ಹಾಕಿದ ಹಳೆಯ ಬೀಟೆ ಕಪಾಟು. ಇಂಗ್ಲಿಷ್ ವಿಮರ್ಶೆಗಳಲ್ಲಿ ಬರುವ ಮೇಪಲ್, ಚೆರ್ರಿ ಹುಡುಕಿಕೊಂಡು ಕೂರಬೇಡಿ. ನಿಮ್ಮ ಮೂಗಿನ ನೆನಪು ಹಾಸನದ್ದು. ಲವಂಗ, ಏಲಕ್ಕಿ, ಸುಟ್ಟ ಕೊಬ್ಬರಿ ಅಂತ ಅನ್ನಿಸಿದರೆ ಅದನ್ನೇ ಹೇಳಿ.

ಮೊದಲ ಗುಟುಕು ಲೆಕ್ಕಕ್ಕಿಲ್ಲ. ಅದು ಬಾಯಿಯನ್ನು ಹೊಂದಿಸುವುದಕ್ಕೆ. ಎರಡನೆಯದನ್ನು ನಾಲಿಗೆ ಮೇಲೆ ಹರಡಿ, ನಿಧಾನವಾಗಿ ಅಗಿಯುವ ಹಾಗೆ ಆಡಿಸಿ, ಆಮೇಲೆ ನುಂಗಿ. ಕೆಂಟಕಿಯವರು ಇದಕ್ಕೆ ಕೆಂಟಕಿ ಚ್ಯೂ ಅಂತಾರೆ, ಜಿಮ್ ಬೀಮ್‌ನ ಬೂಕರ್ ನೋ ಅವರಿಂದ ಪ್ರಸಿದ್ಧಿಯಾದ ರೀತಿ. ಈಗ ಗಮನಿಸಬೇಕಾದದ್ದು ಒಂದೇ. ನುಂಗಿದ ಮೇಲೆ ಏನು ಉಳಿಯುತ್ತದೆ? ಸಿಹಿ ಮತ್ತು ಮಸಾಲೆ ಉಳಿದು ಬಾಯಲ್ಲಿ ನೀರೂರಿದರೆ, ಪೀಪಾಯಿಯನ್ನು ಸರಿಯಾದ ಹೊತ್ತಿಗೆ ಒಡೆದಿದ್ದಾರೆ. ಹಸಿ ಅಡಿಕೆ ಅಗಿದ ಮೇಲಿನ ಹಾಗೆ ಒಸಡು, ಕೆನ್ನೆಯ ಒಳಭಾಗ ಒಣಗಿ ಎಳೆದುಕೊಂಡರೆ, ಮರ ಗೆದ್ದಿದೆ. 20ರಲ್ಲಿ ಈ ಒಗರು ಸ್ವಲ್ಪ ಇದ್ದೇ ಇರುತ್ತದೆ. ಸಿಹಿ ಅದಕ್ಕೆ ಸಮವಾಗಿ ನಿಂತಿದೆಯಾ ಅನ್ನುವುದೇ ನೋಡಬೇಕಾದದ್ದು. ಹಳೆಯ ಬರ್ಬನ್ ಕುಡಿಯಲು ಬೇಕಾದ ಪರಿಣತಿ ಇಷ್ಟೇ. ಇದು ಸೋಡಾ ಹಾಕಿ ಕುಡಿಯುವವರಿಗೂ ಖಂಡಿತ ತಿಳಿಯುತ್ತದೆ.

ನೀರು ಹಾಕಬೇಕಾ? ಶೇ. 60 ಇರುವ ವಿಸ್ಕಿಗೆ ನಾನು ಹಾಕಿ ಅಂತಲೇ ಹೇಳುತ್ತಿದ್ದೆ. ಸ್ವೀಡನ್ನಿನ ಲಿನ್ನೇಯಸ್ ವಿಶ್ವವಿದ್ಯಾಲಯದ ಇಬ್ಬರು 2017ರಲ್ಲಿ ಕಂಪ್ಯೂಟರ್ ಮಾದರಿಯಲ್ಲಿ ಇದನ್ನು ನೋಡಿದ್ದರು. ಹೊಗೆಯಂಥ ವಾಸನೆ ಕೊಡುವ ಗ್ವಾಯಕಾಲ್ ಅನ್ನುವ ವಸ್ತು, ಆಲ್ಕೋಹಾಲ್ ಜಾಸ್ತಿ ಇದ್ದಾಗ ದ್ರವದೊಳಗೆ ಅಡಗುತ್ತದೆ. ಶೇ. 45ರ ಹೊತ್ತಿಗೆ ಮೇಲ್ಮೈಗೆ ಬಂದು ನಿಲ್ಲುತ್ತದೆ. ನಿಮ್ಮದು ಶೇ. 45.2. ಬಾಟಲಿ ತುಂಬುವಾಗಲೇ ನೀರು ಸೇರಿಸಿ ಅಲ್ಲಿಗೆ ತಂದಿದ್ದಾರೆ. ಹೆಚ್ಚು ನೀರು ಸೇರಿಸಿದರೆ ಮೈ ತೆಳುವಾಗಿ ಒಗರು ಎದ್ದು ಕಾಣುತ್ತದೆ. ಕೊನೆಯ ಗುಟುಕಿಗೆ ಎರಡು ಹನಿ ಹಾಕಿ ನೋಡಿ, ಅಷ್ಟು ಸಾಕು. ಐಸ್ ಬೇಡ. ತಣ್ಣಗಾದರೆ ವಾಸನೆ ಮುಚ್ಚಿಹೋಗುತ್ತದೆ, ಕಹಿ ಮುಂದೆ ಬರುತ್ತದೆ. ಸೋಡಾ ಬೇಕೆನಿಸಿದವರಿಗೆ ಮೇಕರ್ಸ್ ಮಾರ್ಕ್ ಇದೆಯಲ್ಲ, ಅದಕ್ಕೆ ಧಾರಾಳವಾಗಿ ಹಾಕಿಕೊಡಿ. ಯಾರಿಗಾದರೂ 20ಕ್ಕಿಂತ ಅದೇ ಇಷ್ಟವಾದರೆ ನಗಬೇಡಿ. ಮುಚ್ಚಿಟ್ಟು ಕುಡಿಸಿದಾಗ ಬೇಕಾದಷ್ಟು ಜನಕ್ಕೆ ಹಾಗೆ ಆಗುತ್ತದೆ.

ಅಪ್ಪನ ವಿಷಯ. ಇದು ಬಾಟಲಿ ತೆರೆಯುವ ಮುಂಚೆ ತೀರ್ಮಾನ ಆಗಬೇಕು. ಅಮೆರಿಕದಿಂದ ವಿಮಾನದಲ್ಲಿ ಶೇ. 24ರಿಂದ 70ರ ಮದ್ಯ ಒಯ್ಯಬಹುದು, ಒಬ್ಬರಿಗೆ 5 ಲೀಟರ್‌ವರೆಗೆ. ಆದರೆ ಸೀಲ್ ಒಡೆಯದ ಅಂಗಡಿ ಬಾಟಲಿಯೇ ಆಗಿರಬೇಕು. ಭಾರತದಲ್ಲಿ 2 ಲೀಟರ್‌ವರೆಗೆ ಸುಂಕ ಇಲ್ಲ. ಅಂದರೆ ತೆರೆದು ಅರ್ಧ ಕುಡಿದು ಉಳಿದದ್ದನ್ನು ಸೂಟ್‌ಕೇಸಿಗೆ ಹಾಕಿಕೊಂಡು ಹೋಗುವ ಹಾಗಿಲ್ಲ. ಇಡೀ ಬಾಟಲಿಯನ್ನು ಹಾಸನಕ್ಕೆ ಒಯ್ದು ಅಲ್ಲೇ ತೆರೆಯುವುದು ಒಂದು ದಾರಿ. ಅಪ್ಪ ನಿಮ್ಮಲ್ಲಿಗೆ ಬರುವವರಿದ್ದರೆ ಗೆಳೆಯರ ಜೊತೆ ಧೈರ್ಯವಾಗಿ ತೆರೆಯಿರಿ. ಅವರ ಪಾಲನ್ನು ಆವತ್ತೇ 100 ಮಿಲಿಯ ಶುದ್ಧ ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ಕಪಾಟಿನಲ್ಲಿ ನೇರವಾಗಿ ನಿಲ್ಲಿಸಿ. ಒಳಗೆ ಗಾಳಿ ಕಮ್ಮಿ ಇದ್ದಷ್ಟೂ ವಾಸನೆ ಉಳಿಯುತ್ತದೆ. ವರ್ಷ ಕಳೆದರೂ ತೊಂದರೆ ಇಲ್ಲ. ದೊಡ್ಡ ಬಾಟಲಿ ಮೂರನೇ ಒಂದಕ್ಕೆ ಇಳಿದಾಗಲೂ ಹೀಗೇ ಚಿಕ್ಕದಕ್ಕೆ ಬದಲಾಯಿಸಿ.

ಖಾಲಿಯಾದ ಬಾಟಲಿಯನ್ನು ಹಾಗೇ ಎಸೆಯಬೇಡಿ. ಪ್ಯಾಪಿಯ ಖಾಲಿ ಬಾಟಲಿಗಳನ್ನೇ ದುಡ್ಡು ಕೊಟ್ಟು ಕೊಂಡು, ಅಗ್ಗದ್ದನ್ನು ತುಂಬಿ ಮಾರುವವರಿದ್ದಾರೆ. ನೆನಪಿಗೆ ಮನೆಯಲ್ಲಿಟ್ಟುಕೊಳ್ಳಿ, ಇಲ್ಲವೇ ಎಸೆಯುವ ಮುಂಚೆ ಲೇಬಲ್ ಕೆರೆದು ಹಾಕಿ.